ಸಿದ್ರಾಮಪ್ಪನವರ ಗರಾಜುವಾಸ

ಸರ್ವಿಸ್ಸೆಲ್ಲ ಬೇರೆಯವರನ್ನು ಕೂಡಿಹಾಕಿ ಬೀಗ ಜಡಿದ ಸಿದ್ರಾಮಪ್ಪನವರು ಅಮೆರಿಕದ ಮಿಲ್ಪಿಟಾಸಿಗೆ ಬಂದ ಮೊದಲ ತಿಂಗಳಲ್ಲೇ ನಮ್ಮ ಕನ್ನಡ ಗುಂಪಿನ ಪದ್ಮಜಾಳ ಮನೆಯ ಬಚ್ಚಲಲ್ಲಿ ತಾವೇ ಸಿಕ್ಕಿಹಾಕಿಕೊಂಡರು.

ಅದು ತೊಂಬತ್ತೊಂಬತ್ತನೇ ಇಸವಿಯ ಜೂನ್ ತಿಂಗಳ ಪಾಟ್‌ಲಕ್. ಎಲ್ಲರೂ ಒಂದೊಂದು ಪಾತ್ರೆ ಹೊತ್ತು ತಂದು ಇನ್ನೊಬ್ಬರ ಪಾತ್ರೆಯನ್ನು ಹೊಗಳುವ ಕಾರ್ಯಕ್ರಮ. ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಒಳಗಿನಿಂದ ಬಾಗಿಲು ಬಡಿಯುವ ಸದ್ದು. ನಮ್ಮ ಕಡೆಯ ಬಾಗಿಲಿಗೆ ಚಿಲಕ ಇರುತ್ತದೆ, ಹಾಕಿದ್ದು ಕಣ್ಣಿಗೆ ಕಾಣುತ್ತದೆ. ಇಲ್ಲಿನದು ಹಿಡಿಯ ನಡುವೆ ಒಂದು ಗುಂಡಿ. ಒತ್ತಿದ ಗುಂಡಿ ಒಳಗೆ ಹೋಗಿ ಅಲ್ಲೇ ಕೂತುಬಿಟ್ಟಿತ್ತು.

"ಅಂಕಲ್, ಟ್ವಿಸ್ಟ್ ಮಾಡಿ!" ಎಂದು ಹೊರಗಿನಿಂದ ಕೂಗಿದ ಜಗನ್. ಮಂಡ್ಯದ ಹುಡುಗ, ಸಿದ್ರಾಮಪ್ಪನವರ ಮಗ ಅಜಯನ ಜೀವದ ಗೆಳೆಯ.

"ಏನ್ ಮಾಡ್ಲಿ?"

"ತಿರುಗ್ಸಿ!"

"ತಿರಿಗಿಸಾಕತ್ತೇನೋ ತಮ್ಮಾ, ಗುಂಡೂ ತಿರಗತದ, ನಾನೂ ತಿರಗತೇನಿ, ಬಾಗಲಾ ಒಂದs ನಿಂತದ."

ಅಷ್ಟರಲ್ಲಿ ಅಲ್ಲಿ ನಾಲ್ಕಾರು ಇಂಜಿನಿಯರುಗಳು ನೆರೆದು ಚರ್ಚೆ ಶುರುವಾಯಿತು. ಒಬ್ಬ ಮ್ಯಾನುಯಲ್ ಎಲ್ಲಿದೆ ಎಂದ. ಒಳಗಿರುವವರು ಒಮ್ಮೆ ಹೊರಗೆ ಬಂದು ಮತ್ತೆ ಒಳಗೆ ಹೋದರೆ ಸರಿಹೋಗಬಹುದು ಎಂಬುದು ಜಗನ್ ಅಭಿಪ್ರಾಯ. ಕಂಪ್ಯೂಟರಿನಲ್ಲಿ ಹಾಗೇ ಆಗುತ್ತಿತ್ತಂತೆ. ಕೊನೆಗೆ ಪದ್ಮಜಾ ತುಪ್ಪದ ಮಿಳ್ಳೆ ಕೆಳಗಿಟ್ಟು, ಜಡೆಯಿಂದ ಒಂದು ಪಿನ್ನು ಕಿತ್ತು, ಹಿಡಿಯ ಸಣ್ಣ ತೂತಿಗೆ ಚುಚ್ಚಿದಳು. ಟಕ್ಕೆಂದು ಬಾಗಿಲು ತೆರೆಯಿತು.

ಮುಖದ ಬೆವರು ಒರೆಸಿಕೊಳ್ಳುತ್ತಾ ಹೊರಬಂದ ಸಿದ್ರಾಮಪ್ಪನವರು ಪಿನ್ನನ್ನೂ ಪದ್ಮಜಾಳನ್ನೂ ನೋಡಿದರು. "ಪಿನ್ನೀಲೇ ಬೀಗ ತಗದ್ರ್ಯಾ ತಂಗಿ? ನೀವು ನಮ್ಮಲ್ಲೆ ಇದ್ದಿದ್ರ ನಿಮಗ ಬ್ಯಾರೇ ಖೋಲಿನs ಕೊಡತಿದ್ವಿ."

ಎಲ್ಲರೂ ನಕ್ಕರು. ಅಪ್ಪನ ಪೇಚಾಟ ನೋಡಿ ಕೆಂಪಾಗಿದ್ದ ಅಜಯನಿಗೆ ಈಗ ಮಾನ ಉಳಿಸಿಕೊಳ್ಳುವ ದಾರಿ ಕಂಡಿತು. "ನಮ್ಮಪ್ಪಾಜಿ ಜೈಲರ್ ಇದ್ರು," ಎಂದ. "ಕಂಬಳಿ ದುರಗ್ಯಾ ಅಂತ ಕೇಳೀರಲ್ಲ? ಆ ಡಕಾಯಿತ ಇವ್ರ ಕೈಯಾಗ ಇದ್ದ."

ಚಮಚಗಳು ನಿಂತವು. ಒಂದು ಕಾಲಕ್ಕೆ ಧಾರವಾಡದ ಸುತ್ತ ಮಕ್ಕಳು ಅನ್ನ ಉಣ್ಣದಿದ್ದರೆ ಕರೆಯುತ್ತಿದ್ದ ಹೆಸರು ಕಂಬಳಿ ದುರಗ್ಯಾನದು. ಕರಿ ಕಂಬಳಿ ಹೊದ್ದು ಬರುತ್ತಿದ್ದ, ಸಾಹುಕಾರರ ಮನೆಗೆ ನುಗ್ಗುತ್ತಿದ್ದ, ಕೊಡಲಿ ಬೀಸುತ್ತಿದ್ದ. ಎಷ್ಟು ಮರ್ಡರು, ಯಾರು ಹಿಡಿದರು, ನಿಮ್ಮ ಹತ್ತಿರ ಏನಂದ ಎಂದು ಎಲ್ಲರೂ ಮುಗಿಬಿದ್ದರು. ಸಿದ್ರಾಮಪ್ಪನವರು ತಟ್ಟೆ ಚಾಚಿ, "ಹೋಳಿಗಿ ಛಲೋ ಆಗ್ಯಾವ," ಎಂದರು. ಇದನ್ನು ಸಭೆ ಗಾಂಭೀರ್ಯ ಎಂದು ತಿಳಿಯಿತು. ನಿಜವಾದ ಭಯಂಕರ ಸಂಗತಿ ಗೊತ್ತಿದ್ದವರು ಹೀಗೇ ಮಾತು ಮರೆಸುವುದು ಎಂದು ಜಗನ್ ನನ್ನ ಕಿವಿಯಲ್ಲಿ ಹೇಳಿದ.

ಅಸಲಿಗೆ ಅವರು ಜೈಲರ್ ಅಲ್ಲ, ಹೆಡ್ ವಾರ್ಡರ್. ಆವತ್ತು ಪಾಟ್‌ಲಕ್ಕಿನಲ್ಲಿ ಒಂದು ಪ್ರಮೋಷನ್ ಸಿಕ್ಕಿತು. ಮುಂದೆ ವೆಬ್‌ಸೈಟಿನಲ್ಲಿ ಸೂಪರಿಂಟೆಂಡೆಂಟ್ ಆದರು. ಸರ್ವಿಸ್ಸಿನಲ್ಲಿ ತಡವಾಗಿದ್ದೆಲ್ಲ ರಿಟೈರಾದ ಮೇಲೆ ಅಮೆರಿಕದಲ್ಲಿ ಬಂತು.

ವೆಬ್‌ಸೈಟಿನ ಉಪಾಯ ಜಗನ್‌ನದು. ಆಗ ಮಿಲ್ಪಿಟಾಸಿನ ಸುತ್ತಮುತ್ತ ಕೆಲಸ ಬಿಟ್ಟು ಡಾಟ್ ಕಾಮ್ ಮಾಡದವನನ್ನು ಕನಿಕರದಿಂದ ನೋಡುತ್ತಿದ್ದ ಕಾಲ. ನಾಯಿ ಬಿಸ್ಕತ್ತಿಗೆ ಡಾಟ್ ಕಾಮ್ ಇತ್ತು, ಹೂಕುಂಡಕ್ಕೆ ಡಾಟ್ ಕಾಮ್ ಇತ್ತು. "ಇಷ್ಟೊಂದ್ ಇವೆ, ಇಂಡಿಯಾದ್ ರೌಡಿಗಳಿಗೆ ಒಂದ್ ಇಲ್ವಲ್ಲಾ ಗುರು!" ಎಂದು ಜಗನ್ ನಿಜವಾಗಿ ನೊಂದುಕೊಂಡ. ಹೀಗೆ ಹುಟ್ಟಿದ್ದು ಖದೀಮ ಡಾಟ್ ಕಾಮ್. ಅಜಯ ರೂಟರ್ ಕಂಪನಿಯ ಕೆಲಸಕ್ಕೆ ರಾಜೀನಾಮೆ ಕೊಟ್ಟ. ಮನೆ ನಡೆಸುವುದು ಚಿಪ್ ಕಂಪನಿಯಲ್ಲಿದ್ದ ಅವನ ಹೆಂಡತಿ ರಮಾಳ ಪಾಲಿಗೆ ಬಂತು. ಖದೀಮರ ಕತೆ ಹೇಳುವುದು ಸಿದ್ರಾಮಪ್ಪನವರ ಪಾಲಿಗೆ. ಅದನ್ನು ಇಂಗ್ಲಿಷಿಗೆ ತಿರುಗಿಸುವುದು ಗೋಡೆಯಾಚೆಯ ಮನೆಯವಳಾದ ನನ್ನ ಪಾಲಿಗೆ. ಕಾನ್ವೆಂಟಿನ ಸಿಸ್ಟರುಗಳು ಬೆರಳ ಗೆಣ್ಣಿಗೆ ಬಾರಿಸಿ ಕಲಿಸಿದ ಇಂಗ್ಲಿಷು ಕಡೆಗೂ ಡಕಾಯಿತರ ಸೇವೆಗೆ ಒದಗಿತು. ನನ್ನ ವೀಸಾದ ಮೇಲೆ ಸಂಬಳದ ಕೆಲಸ ಮಾಡುವಂತಿರಲಿಲ್ಲ. ಇವರು ಸಂಬಳ ಕೊಡಲೂ ಇಲ್ಲವಾದ್ದರಿಂದ ಎಲ್ಲವೂ ಕಾನೂನುಬದ್ಧವಾಗಿತ್ತು.

ಸ್ಟುಡಿಯೋ ಎಂದರೆ ಗರಾಜು. ಕಾರನ್ನು ಹೊರಗೆ ಹಾಕಿ, ನೆಲಕ್ಕೆ ಹಳೇ ಕಾರ್ಪೆಟ್ಟು, ಒಂದು ಕುರ್ಚಿ, ಒಂದು ಟೇಪ್ ರೆಕಾರ್ಡರು. ಫ್ರೀವೇಯ ಗದ್ದಲ ಟೇಪಿನಲ್ಲಿ ಬರಬಾರದೆಂದು ಬೆಳಿಗ್ಗೆ ಅಜಯ ದೊಡ್ಡ ಬಾಗಿಲನ್ನು ಗರಗರ ಇಳಿಸಿ ಹೋಗುತ್ತಿದ್ದ. ಕಿಟಕಿ ಇಲ್ಲ. ಅಡಿಗೆಮನೆಯ ಕಡೆ ಒಂದು ಬಾಗಿಲು ತೆರೆದೇ ಇರುತ್ತಿತ್ತು, ನಿಜ. ಆದರೆ ಅಡಿಗೆಮನೆಯಿಂದ ಎಲ್ಲಿಗೆ? ಒಂದು ದಿನ ಸಿದ್ರಾಮಪ್ಪನವರು ಮುಂಬಾಗಿಲಿನಿಂದ ಹೊರಟು, ಫುಟ್‌ಪಾತು ಇದ್ದಷ್ಟು ದೂರ ನಡೆದರು. ಅದು ಫ್ರೀವೇಗೆ ಏರುವ ತಿರುವಿನ ಹತ್ತಿರ ಹೇಳದೆ ಕೇಳದೆ ಮುಗಿಯಿತು. ಅಲ್ಲೇ ನಿಂತರು. ಪೊಲೀಸ್ ಕಾರೊಂದು ಬಂದು ಬಹಳ ಮರ್ಯಾದೆಯಿಂದ ಮನೆಗೆ ಬಿಟ್ಟು ಹೋಯಿತು.

"ನಮ್ಮಲ್ಲೆ ಗ್ವಾಡಿ ಇರತದ ತಂಗಿ," ಎಂದು ನನಗೆ ಹೇಳಿದರು. "ಇಲ್ಲೆ ಗ್ವಾಡಿ ಇಲ್ಲ. ಗ್ವಾಡಿ ಇದ್ರ ಹಾರಬಹುದು."

ನಾನು ಟೇಪ್ ಹಾಕಿ ಪ್ರಶ್ನೆ ಶುರುಮಾಡಿದೆ. ದುರಗ್ಯಾ ಮೊದಲ ಕೊಲೆ ಯಾಕೆ ಮಾಡಿದ?

"ಅದನ್ನ ನಾ ಕೇಳಿಲ್ಲ."

ಇಷ್ಟು ವರ್ಷ ಜೊತೆಗಿದ್ದು ಕೇಳಲಿಲ್ಲವೇ?

"ಕೇಳಬಾರದು. ನಾ ಹೊಸದಾಗಿ ಕೆಲಸಕ್ಕ ಸೇರಿದಾಗ ವಿರುಪಾಕ್ಷಪ್ಪ ಅಂತ ಹಿರೇ ವಾರ್ಡರ್ ಇದ್ರು. ಅವರು ಹೇಳಿದ್ದು ಇಷ್ಟ. ಒಳಗ ಬಂದಾಂವ ಏನ್ ಮಾಡಿ ಬಂದಾನಂತ ಕೇಳಬ್ಯಾಡ. ಗೊತ್ತಾತಂದ್ರ ನೀ ಅಂವಗ ಹಾಕೂ ರೊಟ್ಟಿ ಸಣ್ಣದಾಗತದ. ಕೇಳೂದೆಲ್ಲಾ ಜಡ್ಜ್ ಸಾಹೇಬ್ರು ಕೇಳಿ ಮುಗಿಸಿರತಾರ. ನಮ್ಮದು ಬೀಗಾ, ರೊಟ್ಟಿ, ಎಣಿಕಿ. ಮುಗೀತು."

ಆ ಜೈಲಿನ ವಾರ್ಡರುಗಳೆಲ್ಲ ನಡೆಸಿಕೊಂಡು ಬಂದ ಪದ್ಧತಿ ಅದು. ಸಿದ್ರಾಮಪ್ಪನವರಿಗೆ ಹೆಸರಾಂತ ಖದೀಮರೆಲ್ಲ ಗೊತ್ತಿದ್ದರು, ಅವರ ಅಪರಾಧ ಒಂದನ್ನು ಬಿಟ್ಟು. ಯಾರಿಗೆ ಮೂಲವ್ಯಾಧಿ, ಯಾರು ನಿದ್ದೆಯಲ್ಲಿ ಅವ್ವಾ ಅನ್ನುತ್ತಾರೆ, ಬ್ಯಾಂಕಿಗೆ ಕನ್ನ ಹಾಕಿದವನು ಬೆಳ್ಳುಳ್ಳಿ ಬಿಡಿಸುವುದರಲ್ಲಿ ಎಷ್ಟು ಸೋಮಾರಿ, ಎಲ್ಲ ಗೊತ್ತು. ದುರಗ್ಯಾ ಜಮಖಾನೆ ನೇಯುತ್ತಿದ್ದ. ಶೇಂಗಾ ಚಟ್ನಿ ಇಲ್ಲದೆ ರೊಟ್ಟಿ ಮುಟ್ಟುತ್ತಿರಲಿಲ್ಲ. ಜೈಲಿನ ಬೆಕ್ಕು ಸತ್ತಾಗ ಊಟ ಬಿಟ್ಟು ಮಲಗಿದ್ದ. ಕಂಬಳಿ ಯಾಕೆ ಹೊದೆಯುತ್ತಿದ್ದ ಎಂದರೆ, ಚಳಿ ತಡೆಯುತ್ತಿರಲಿಲ್ಲ. ಟೇಪಿನ ಮೇಲೆ ಟೇಪು ಇದೇ ತುಂಬಿತು.

ನಾನು ಇದ್ದದ್ದನ್ನು ಇದ್ದಂತೆ ಇಂಗ್ಲಿಷಿಗೆ ತಂದೆ. ಜಗನ್ ಓದಿ ತಲೆ ಹಿಡಿದುಕೊಂಡ. "ಅಂಕಲ್, ಸ್ವಲ್ಪ ಬ್ಲಡ್ ಬೇಕು."

"ರಕ್ತ ಬೇಕಾದ್ರ ದವಾಖಾನಿಗೆ ಹೋಗು."

"ಹಂಗಲ್ಲ ಅಂಕಲ್. ಹಿಟ್ಸ್ ಬರಲ್ಲ."

"ಹಿಟ್ಟೇನು? ಜ್ವಾಳದ್ದೋ, ಸಜ್ಜೀದೋ?"

ಆಮೇಲೆ ಜಗನ್ ಯಾರನ್ನೂ ಕೇಳಲಿಲ್ಲ, ತಾನೇ ನಾದಿದ. ಬೆಕ್ಕಿನ ದುಃಖಕ್ಕೆ ಬಿಟ್ಟ ಊಟ, ಬ್ರಿಟಿಷರ ಕಾಲದ ಕ್ರೌರ್ಯದ ವಿರುದ್ಧದ ಉಪವಾಸವಾಯಿತು. ಜಮಖಾನೆಯ ನೂಲು ಹಗ್ಗವಾಯಿತು, ಹಗ್ಗ ಗೋಡೆ ಹಾರುವ ಸಾಧನವಾಯಿತು. ಕಂಬಳಿಯೊಳಗೆ ಎರಡು ಕೊಡಲಿ ಬಂದವು. ಪ್ರತಿ ಶುಕ್ರವಾರ ಒಂದು ಕಂತು. ಲಾಸ್ ಆಲ್ಟೋಸಿನ ಒಬ್ಬ ದಂತವೈದ್ಯರು ರೋಗಿಯ ಬಾಯಿ ತೆರೆಸಿಟ್ಟು ಓದುತ್ತಿದ್ದರಂತೆ. ವರ್ಷ ಮುಗಿಯುವ ಹೊತ್ತಿಗೆ ದುರಗ್ಯಾ ಬೆಳೆದು ನಿಂತಿದ್ದ. ಸೈಟಿನ ಬಂಡವಾಳವೆಲ್ಲ ಅವನೇ.

ಊರಿನಲ್ಲಿ ಬೆಳೆಯುತ್ತಿದ್ದುದು ಬೇರೆ. ಸಿದ್ರಾಮಪ್ಪನವರ ಮಗಳು ದೀಪಾಲಿ ಚೊಚ್ಚಲು ಬಸುರಿ. ಹೆರಿಗೆ ತವರಿನಲ್ಲಿ, ಧಾರವಾಡದಲ್ಲಿ. ಅದಕ್ಕೆಂದೇ ಅಕ್ಟೋಬರಿಗೆ ವಾಪಸು ಟಿಕೆಟ್ಟು ಮಾಡಿಸಿಕೊಂಡು ಬಂದಿದ್ದರು. ಅಕ್ಟೋಬರಿನಲ್ಲಿ ಸೈಟಿನ ಲಾಂಚು ಎಂದು ಅಜಯ ಟಿಕೆಟ್ಟನ್ನು ಡಿಸೆಂಬರಿಗೆ ತಳ್ಳಿದ. ಡಿಸೆಂಬರಿನಲ್ಲಿ ವೈಟೂಕೆ. ಸಾವಿರ ವರ್ಷ ಮುಗಿಯುವ ಗಳಿಗೆಯಲ್ಲಿ ಕಂಪ್ಯೂಟರಿಗೆ ಮರೆವು ಹಿಡಿದು ವಿಮಾನಗಳು ಪಟಪಟನೆ ಉದುರುತ್ತವೆ ಎಂದು ಅಂಜಿಸಿದ. ಅಷ್ಟರಲ್ಲಿ ವೀಸಾದ ಗಡುವು ಮುಗಿಯಬಂತು, ಅದನ್ನೂ ಅರ್ಜಿ ಹಾಕಿ ಹಿಗ್ಗಿಸಿದ.

"ನಮ್ಮಲ್ಲೆ ಶಿಕ್ಷಾ ಹೆಚ್ಚು ಮಾಡಬೇಕಾದ್ರ ಹೈಕೋರ್ಟಿಗೆ ಹೋಗಬೇಕು," ಎಂದರು ಸಿದ್ರಾಮಪ್ಪನವರು. "ಇಲ್ಲೆ ಮಗಾ ಸಹಿ ಮಾಡಿಸಿದ್ರ ಸಾಕು."

ವಿಮಾನಗಳು ಉದುರಲಿಲ್ಲ. ಕೂಸು ಹುಟ್ಟಿತು. ಹೆಣ್ಣು. ಹೆಸರಿಡುವ ಹೊತ್ತಿಗೆ ದೀಪಾಲಿ ಹಟ ಹಿಡಿದಳು. ಮದುವೆಯಾಗಿ ಹತ್ತು ವರ್ಷಕ್ಕೆ ಹುಟ್ಟಿದ ಕೂಸು, ತನ್ನ ಅಪ್ಪ ಬಂದು ಕಿವಿಯಲ್ಲಿ ಹೆಸರು ಹೇಳುವ ತನಕ ತೊಟ್ಟಿಲಿಗೆ ಹಾಕುವಂತಿಲ್ಲ. ಹೆಂಡತಿ ನೀಲಾಬಾಯಿಯ ಜೊತೆ ಸಿದ್ರಾಮಪ್ಪನವರು ಫೋನ್ ಕಾರ್ಡಿನಲ್ಲಿ ಮಾತಾಡುವುದು ನಮ್ಮ ಅಡಿಗೆಮನೆಗೂ ಕೇಳುತ್ತಿತ್ತು, ಯಾಕೆಂದರೆ ಧಾರವಾಡ ದೂರವಿದೆ ಎಂದು ಅವರು ಅಷ್ಟು ಜೋರಾಗಿ ಮಾತಾಡುತ್ತಿದ್ದರು. ಸ್ಪೀಕರಿನಲ್ಲಿ ನೀಲಾಬಾಯಿಯವರ ದನಿಯೂ ಬರುತ್ತಿತ್ತು.

"ಓಣ್ಯಾಗಿನ ಮಂದಿಯೆಲ್ಲಾ ಕೇಳಾಕತ್ತಾರ, ಕೂಸಿನ ಹೆಸರೇನಂತ. ಏನ್ ಹೇಳ್ಲಿ? ಪಾಪು ಅನ್ನಾಕತ್ತೇವಿ."

"ನೀವs ಇಟ್ಟುಬಿಡ್ರಿ."

"ಕಿವ್ಯಾಗ ಯಾರು ಹೇಳೂದು? ಫೋನಿನ್ಯಾಗ ಕೂಗತೀರೇನು? ಬೀಗರು ಹೇಳಿ ಕಳಿಸ್ಯಾರ, ಯುಗಾದಿತನಕ ಕಾಯತೇವಿ ಅಂತ. ಆಮ್ಯಾಲೆ ತಾವs ಹೆಸರಿಟ್ಟು, ತಾಯೀ ಮಗಳ್ನ ಕರಕೊಂಡು ಗುಲಬರ್ಗಾಕ್ಕ ಹೋಗ್ತಾರಂತ. ಅಲ್ಲೀತನಕ ಹೋದ್ರ ಮತ್ತ ಎಂದು ನೋಡತೀರಿ ಕೂಸಿನ್ನ?"

ಬದುಕೆಲ್ಲ ಬೀಗ ಹಾಕಿದವರಿಗೆ ಬೀಗರೇ ಗಡುವು ಹಾಕಿದ್ದರು. ಮಗನಿಗೆ ಐಪಿಓ ಚಿಂತೆ. ಅಪ್ಪನಿಗೆ ಗೊತ್ತಿದ್ದದ್ದು ಐಪಿಸಿ ಮಾತ್ರ. ಅದರಲ್ಲಿ ಈ ತೊಡಕಿಗೆ ಯಾವ ಕಲಮೂ ಇರಲಿಲ್ಲ.

ಫೆಬ್ರವರಿಯಲ್ಲಿ ಇನ್ನೊಂದು ಪಾಟ್‌ಲಕ್. ಅಲ್ಲಿ ಯಾರೋ ಬಂದು, "ಅಂಕಲ್, ದುರಗ್ಯಾ ನಿಮ್ಮ ಕೊರಳಿಗೆ ಕೊಡಲಿ ಇಟ್ಟಾಗ ಹೆದರಿಕೆ ಆಗಲಿಲ್ವಾ?" ಎಂದು ಕೇಳಿದರು. ಸಿದ್ರಾಮಪ್ಪನವರು ಕೊರಳು ಮುಟ್ಟಿ ನೋಡಿಕೊಂಡರು. ಮರುದಿನ ಗರಾಜಿನಲ್ಲಿ ನನ್ನನ್ನು ಕೂರಿಸಿಕೊಂಡು ಸೈಟಿನಲ್ಲಿದ್ದದ್ದನ್ನೆಲ್ಲ ಕನ್ನಡದಲ್ಲಿ ಹೇಳಿಸಿದರು.

"ಇಂವಾ ಯಾರು?" ಎಂದರು ಕೊನೆಗೆ.

"ನಿಮ್ಮ ದುರಗ್ಯಾ."

"ಅಲ್ಲ ತಂಗಿ. ಇಂವಾ ಭಾಳ ಜೋರದಾನ. ಇಂವಾ ಬಂದಿದ್ರ ನಾ ಅವತ್ತs ರಾಜೀನಾಮಿ ಕೊಡತಿದ್ದೆ."

ಸಂಜೆ ಮಗ ಬಂದಾಗ ಅವನನ್ನೂ ಅಲ್ಲೇ ನಿಲ್ಲಿಸಿ ಕೇಳಿದರು. ಅಜಯ ಕಾರ್ಪೆಟ್ಟಿನ ಮೇಲೆ ಕೂತುಬಿಟ್ಟ. ಕೆಲಸ ಬಿಟ್ಟಾಗಿದೆ. ಜಗನ್ ತನ್ನ ಮನೆಯನ್ನೇ ಒತ್ತೆ ಇಟ್ಟಿದ್ದಾನೆ. ಮೆನ್ಲೋ ಪಾರ್ಕಿನಲ್ಲಿ ಬ್ರೆಂಟ್ ಎಂಬ ಬಂಡವಾಳಗಾರ ಸಿಕ್ಕಿದ್ದಾನೆ, ಅವನಿಗೆ ದುರಗ್ಯಾ ಎಂದರೆ ಹುಚ್ಚು. ಅವನು ಹೂಂ ಅಂದರೆ ಕಂಪನಿ ಉಳಿಯುತ್ತದೆ. ಉಹೂಂ ಅಂದರೆ ಮರುದಿನವೇ ಅಂಗಡಿ ಮುಚ್ಚಬೇಕು, ತಾನು ಹೋಗಿ ಹಳೆಯ ಮ್ಯಾನೇಜರಿನ ಮುಂದೆ ಕೈಕಟ್ಟಿ ನಿಲ್ಲಬೇಕು.

"ಅಂವಾ ಹೂಂ ಅಂದ್ರ ನಾ?" ಎಂದರು ಸಿದ್ರಾಮಪ್ಪನವರು.

"ಅಂದ್ರ... ಇನ್ನೊಂದ್ ವರ್ಷ ಕಂಟೆಂಟ್ ಬೇಕಾಗತದಪ್ಪಾ."

ಹಿಂದೆಯೇ ಬಂದಿದ್ದ ಜಗನ್ ಉತ್ಸಾಹದಿಂದ ಹೇಳಿದ: "ವರ್ಷ ಯಾಕೆ, ಅಂಕಲ್‌ಗೆ ಗ್ರೀನ್ ಕಾರ್ಡೇ ಮಾಡ್ಸಿಬಿಡೋಣ. ಪರ್ಮನೆಂಟು!"

"ಅದಕ್ಕ ನಮ್ಮಲ್ಲೆ ಜನ್ಮಠೇಪ ಶಿಕ್ಷಾ ಅಂತಾರ," ಎಂದರು ಸಿದ್ರಾಮಪ್ಪನವರು, ನಗದೆ.

ಅಜಯ ಅಪ್ಪನ ಕೈ ಹಿಡಿದುಕೊಂಡ. "ಅಪ್ಪಾ, ನೀವೇನೂ ಸುಳ್ಳು ಹೇಳಬ್ಯಾಡ್ರಿ. ಸುಮ್ಮನಿರ್ರಿ. ಅಷ್ಟ ಸಾಕು ನನಗ."

ಮಗ ಹೀಗೆ ಕೈ ಹಿಡಿದು ಬೇಡಿದ್ದು ಅವರಿಗೆ ನೆನಪಿರಲಿಲ್ಲ. "ಸುಮ್ಮನಿರತೇನಿ," ಎಂದರು. "ನಿನ್ನ ಅನ್ನಕ್ಕ ನಾ ಮಣ್ಣು ಹಾಕಂಗಿಲ್ಲ. ಆದ್ರ ಒಂದು ಮಾತು. ಸಾಹೇಬ್ರು ರೌಂಡಿಗೆ ಬಂದಾಗ ನಾವಾಗಿ ಬಾಯಿ ಬಿಚ್ಚತಿರಲಿಲ್ಲ, ಖರೆ. ಅವರಾಗೇ ಕೇಳಿದ್ರ ಇದ್ದದ್ದು ಹೇಳತಿದ್ವಿ. ಅದನ್ನ ಈಗ ಬಿಡಾಕ ಆಗೂದಿಲ್ಲ."

"ಯಾರು ಕೇಳತಾರಪ್ಪಾ? ಅಂವಗ ಕನ್ನಡಾ ಬರೂದಿಲ್ಲ, ನಿಮಗ ಇಂಗ್ಲಿಷ್ ಬರೂದಿಲ್ಲ."

ಮಾರ್ಚ್ ತಿಂಗಳ ಒಂದು ಗುರುವಾರ ಬ್ರೆಂಟ್ ಊಟಕ್ಕೆ ಬಂದ. ಸಿದ್ರಾಮಪ್ಪನವರ ಟಿಕೆಟ್ಟು ಭಾನುವಾರಕ್ಕಿತ್ತು. ಅದನ್ನು ಮತ್ತೆ ಮುಂದೂಡುವುದೋ ಬಿಡುವುದೋ ಶುಕ್ರವಾರ ಬೆಳಿಗ್ಗೆ ಟ್ರಾವೆಲ್ ಏಜೆಂಟಿಗೆ ಹೇಳಬೇಕಾಗಿತ್ತು. ಅವರ ಸೂಟ್‌ಕೇಸು ಗರಾಜಿನ ಮೂಲೆಯಲ್ಲಿ ಅರ್ಧ ತುಂಬಿ ಬಾಯಿ ತೆರೆದು ಕೂತಿತ್ತು. ಮುಚ್ಚಿದರೆ ಅಜಯನಿಗೆ ಬೇಸರ, ಖಾಲಿ ಮಾಡಿದರೆ ದೀಪಾಲಿಗೆ. ಯುಗಾದಿ ಹತ್ತಿರ ಬಂದಿತ್ತು.

ಜಗನ್ ಎಲ್ಲಿಂದಲೋ ಖಾಕಿ ಕೋಟು ಬಾಡಿಗೆಗೆ ತಂದಿದ್ದ, ಭುಜದ ಮೇಲೆ ನಕ್ಷತ್ರಗಳು.

"ಹಾಕ್ಕೊಳ್ಳಿ ಅಂಕಲ್, ಸೂಪರಾಗಿರುತ್ತೆ."

"ಈ ಚಿಕ್ಕಿ ನನ್ನವಲ್ಲ ತಮ್ಮಾ," ಎಂದು ಸಿದ್ರಾಮಪ್ಪನವರು ತಮ್ಮ ಬಿಳಿ ಅಂಗಿಯಲ್ಲೇ ಬಂದು ಮೇಜಿನ ತುದಿಗೆ ಕೂತರು.

ಬ್ರೆಂಟ್ ಎತ್ತರದ, ಒಳ್ಳೆಯ ಮನುಷ್ಯ. ರಮಾ ಮತ್ತು ನಾನು ಕೂಡಿ ಮಾಡಿದ ಎಣ್ಣೆಗಾಯಿ ತಿಂದು ಕಣ್ಣಲ್ಲಿ ನೀರು ಸುರಿಸುತ್ತಲೇ ಬಹಳ ರುಚಿ ಎಂದ. ದುರಗ್ಯಾನ ಕಂತುಗಳನ್ನೆಲ್ಲ ಎರಡೆರಡು ಸಲ ಓದಿದ್ದ. ಜಗನ್ ಗೋಡೆಯ ಮೇಲೆ ಚಿತ್ರ ತೋರಿಸುತ್ತಾ ದುರಗ್ಯಾನ ಟೀ ಶರ್ಟು, ದುರಗ್ಯಾನ ಗೊಂಬೆ, ದುರಗ್ಯಾನ ಸಿನಿಮಾ ಎಂದು ಹೇಳುತ್ತಾ ಹೋದ. ಬ್ರೆಂಟ್ ತಲೆಯಾಡಿಸುತ್ತಾ ಹೋದ. ಅಜಯನ ಮುಖ ತಿಂಗಳುಗಳ ನಂತರ ಸಡಿಲವಾಗುತ್ತಿತ್ತು. ಮೇಜಿನ ತುದಿಯಲ್ಲಿ ಅವನ ಅಪ್ಪ ಮೊಸರನ್ನಕ್ಕೆ ಉಪ್ಪು ಬೆರೆಸುತ್ತಾ ಒಂದಕ್ಷರ ಆಡದೆ ಕೂತಿದ್ದರು. ಒಮ್ಮೆ ಮಾತ್ರ ಗೋಡೆಯ ಮೇಲಿನ ಗೊಂಬೆಯನ್ನು ನೋಡಿ, ಯಾರದೋ ಮನೆಯ ಮಗುವನ್ನು ನೋಡಿದ ಹಾಗೆ, ಸುಮ್ಮನೆ ನಕ್ಕರು.

ಬ್ರೆಂಟ್ ಒಪ್ಪಿದ ಹಾಗೆಯೇ. ಪೆನ್ನು ಜೇಬಿನಿಂದ ಹೊರಗೆ ಬಂದಿತ್ತು. ಆಮೇಲೆ ಅದನ್ನು ಮೇಜಿನ ಮೇಲಿಟ್ಟು, ಕುರ್ಚಿಯನ್ನು ಸಿದ್ರಾಮಪ್ಪನವರ ಕಡೆಗೆ ತಿರುಗಿಸಿದ. ವ್ಯವಹಾರವೆಲ್ಲ ಇರಲಿ, ಇದೊಂದು ತನ್ನ ಸ್ವಂತ ಕುತೂಹಲ, ಕೇಳಬಹುದೇ ಎಂದು ನನ್ನನ್ನು ವಿಚಾರಿಸಿ, ಕೇಳಿಯೇಬಿಟ್ಟ. ಅಜಯ ನನ್ನ ಕಡೆ ನೋಡಿದ. ಆ ನೋಟಕ್ಕೆ ಅನುವಾದ ಬೇಕಿರಲಿಲ್ಲ. ಆದರೆ ಪ್ರಶ್ನೆ ಕೇಳಿಯಾಗಿತ್ತು, ಬ್ರೆಂಟ್ ಕಾಯುತ್ತಿದ್ದ, ಸಿದ್ರಾಮಪ್ಪನವರೂ ಕೈ ನಿಲ್ಲಿಸಿ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಅಂಕಲ್," ಎಂದೆ, "ಇವರು ಕೇಳ್ತಿದಾರೆ. ಇಷ್ಟು ವರ್ಷ ದಿನಾ ಸಂಜೆ ಬೀಗ ಹಾಕೋವಾಗ ದುರಗ್ಯಾ ನಿಮ್ಮನ್ನ ನೋಡ್ತಿದ್ದನಲ್ಲ, ಅವನ ಕಣ್ಣಲ್ಲಿ ನಿಮಗೆ ಏನು ಕಾಣಿಸ್ತಿತ್ತು?"

ಸಿದ್ರಾಮಪ್ಪನವರು ಬಾಯಲ್ಲಿದ್ದ ತುತ್ತು ನುಂಗಿದರು. ಕೈ ಒರೆಸಿಕೊಂಡರು. ಒಮ್ಮೆ ಮಗನನ್ನು ನೋಡಿದರು. ಆಮೇಲೆ ಎದ್ದು, ರೌಂಡಿಗೆ ಬಂದ ಸಾಹೇಬರ ಮುಂದೆ ನಿಂತಂತೆ ನೆಟ್ಟಗೆ ನಿಂತರು.

"ಪೊರಿ, ಸಾಹೇಬ್ರ," ಎಂದರು. "ಎರಡೂ ಕಣ್ಣಿಗೆ ಪೊರಿ ಬಂದಿತ್ತು. ನಮ್ಮಲ್ಲೆ ಬರೂ ಮೊದಲs ಅರ್ಧಾ ಕುರುಡಾಗಿದ್ದ. ನಾ ಎದುರಿಗೆ ನಿಂತಿದ್ರೂ ನನ್ನ ಬಾಜೂಕಿನ ಕಂಬಕ್ಕ ನಮಸ್ಕಾರ ಮಾಡತಿದ್ದ."